ಒದ್ದೆ ಬನಿಯನ್, ತಣ್ಣನೆ ಗಾಳಿ: ಮುಂಬಯಿ ಚಳಿಗಾಲದಲ್ಲಿ ಬೈಕ್ ಓಡಿಸುವವರು ತಿಳಿದಿರಬೇಕಾದದ್ದು



ಕಳೆದ ವಾರ ಸಕ್ಕರೆ ಕಾಯಿಲೆ ಇರುವವರು ಪಾದಗಳನ್ನು ನೋಡಿಕೊಳ್ಳುವ ಬಗೆಯನ್ನು ಬರೆದಿದ್ದೆ. ಅದನ್ನು ಓದಿದ ಡೊಂಬಿವಲಿಯ ಒಬ್ಬ ತಾಯಿ ಹೀಗೆ ಕೇಳಿದರು: "ನಮ್ಮವರು ರಾತ್ರಿ ಹೋಟೆಲ್ ಮುಗಿಸಿ ಬೈಕಿನಲ್ಲಿ ಬರುತ್ತಾರೆ. ಬಂದು ಅರ್ಧ ಗಂಟೆಯಾದರೂ ಕೈ ಬಿಸಿಯಾಗುವುದಿಲ್ಲ, ಅನ್ನ ಕಲಸಲಿಕ್ಕೂ ಆಗುವುದಿಲ್ಲ. ಮುಂಬಯಿಯ ಚಳಿಗೂ ಹೀಗಾಗುತ್ತದೆಯೇ?"

ಆಗುತ್ತದೆ. ನಮ್ಮ ಮನೆಯಲ್ಲೇ ಆಗಿದೆ.

ನಮ್ಮ ಭಾವನವರು ದಾದರಿನ ಒಂದು ಹೋಟೆಲಿನಲ್ಲಿ ಸೂಪರ್‌ವೈಸರ್. ಕೆಲವು ವರ್ಷಗಳ ಹಿಂದೆ ಜನವರಿಯ ಒಂದು ರಾತ್ರಿ ಕೊನೆಯ ಲೋಕಲ್ ತಪ್ಪಿತೆಂದು ಹೋಟೆಲಿನ ಹುಡುಗನ ಬೈಕ್ ತೆಗೆದುಕೊಂಡು ಕಲ್ಯಾಣದ ಕಡೆ ಹೊರಟರು. ಆ ದಿನ ಅಡುಗೆಯವರು ರಜೆ. ರಾತ್ರಿ ಹನ್ನೆರಡರವರೆಗೆ ದೋಸೆ ಕಾವಲಿಯ ಮುಂದೆ ನಿಂತಿದ್ದರು. ಬನಿಯನ್ ಹಿಂಡಿದರೆ ನೀರು ಸುರಿಯುವಷ್ಟು ಬೆವರು. ಮೇಲೆ ಒಂದು ಅಂಗಿ ಹಾಕಿಕೊಂಡು ಹಾಗೆಯೇ ಹೊರಟುಬಿಟ್ಟರು. ಠಾಣೆ ದಾಟುವಾಗ ಬೆರಳು ಮರದ ಕೊರಡಿನಂತೆ ಆಗಿತ್ತಂತೆ. ಮನೆ ಹತ್ತಿರ ಬಂತಲ್ಲ ಎಂದು ನಿಲ್ಲಿಸಲಿಲ್ಲ. ಮುಂದೆ ಒಂದು ಸ್ಪೀಡ್ ಬ್ರೇಕರ್. ಕಣ್ಣಿಗೆ ಕಂಡಿತ್ತು, ಬ್ರೇಕ್ ಹಿಡಿಯಬೇಕೆಂದು ಮನಸ್ಸೂ ಹೇಳಿತ್ತು. ಕೈ ಮಾತ್ರ ಕೇಳಲಿಲ್ಲ. ಹೆಲ್ಮೆಟ್ ಇದ್ದುದರಿಂದ ತಲೆ ಉಳಿಯಿತು. ಹೆಗಲ ಮುಂದಿನ ಎಲುಬು ಮುರಿದು ಎರಡು ತಿಂಗಳು ಮನೆಯಲ್ಲಿ ಕೂರಬೇಕಾಯಿತು, ಎರಡು ತಿಂಗಳು ಸಂಬಳವೂ ಇಲ್ಲ.

ಮರುದಿನ ನೋಡಲು ಬಂದವರೆಲ್ಲ ಹೇಳಿದ್ದು ಒಂದೇ ಮಾತು: "ನಿದ್ದೆ ಬಂದಿರಬೇಕು." ಚಳಿಯ ಹೆಸರನ್ನು ಯಾರೂ ಎತ್ತಲಿಲ್ಲ. ಮುಂಬಯಿಯಲ್ಲಿ ಚಳಿ ಎಂದರೆ ನಗುವವರೇ ಹೆಚ್ಚು. ಇಂದಿನ ಪಾಠ ಅದರ ಬಗ್ಗೆಯೇ. *ನಮ್ಮ ಊರಿನ ಸವಾರನಿಗೆ ಅಪಾಯ ತರುವುದು ಬರೀ ಚಳಿ ಅಲ್ಲ. ಬಿಸಿಯಿಂದ ತಣ್ಣಗಿನ ಕಡೆಗೆ, ಬೆವರಿದ ಮೈಯಲ್ಲಿ, ಗಾಳಿಗೆ ಎದೆಯೊಡ್ಡಿ, ಒಮ್ಮೆಗೇ ಹೋಗುವುದು.*

*ಮುಂಬಯಿಗೆ ಚಳಿ ಎಲ್ಲಿಂದ ಬರುತ್ತದೆ?*

ಮುಂಬಯಿ ಮೂರು ಕಡೆ ಸಮುದ್ರವಿರುವ ಊರು. ಸಮುದ್ರ ಬೇಗ ಕಾಯುವುದೂ ಇಲ್ಲ, ಬೇಗ ತಣಿಯುವುದೂ ಇಲ್ಲ. ಆದ್ದರಿಂದ ಕೊಲಾಬಾ, ಫೋರ್ಟ್ ಕಡೆ ಜನವರಿಯಲ್ಲೂ ರಾತ್ರಿ ಸುಮಾರು 19 ಡಿಗ್ರಿ ಇರುತ್ತದೆ. ಸಾಂತಾಕ್ರೂಜ್ ಹವಾಮಾನ ಕೇಂದ್ರದಲ್ಲಿ ಅದಕ್ಕಿಂತ ಎರಡು ಮೂರು ಡಿಗ್ರಿ ಕಡಿಮೆ. ಸಮುದ್ರದಿಂದ ದೂರವಾದಂತೆಲ್ಲ, ಅಂದರೆ ಡೊಂಬಿವಲಿ, ಕಲ್ಯಾಣ, ಬದಲಾಪುರ, ಕರ್ಜತ್, ಪನ್ವೇಲ್ ಕಡೆ ಹೋದಂತೆ, ಇನ್ನಷ್ಟು ಇಳಿಯುತ್ತದೆ.

ಉತ್ತರ ಭಾರತದಲ್ಲಿ ಹಿಮ ಬಿದ್ದು ಅಲ್ಲಿಂದ ಗಾಳಿ ಈ ಕಡೆ ತಿರುಗಿದಾಗ ಇಲ್ಲಿಯೂ ನಿಜವಾದ ಚಳಿ ಬರುತ್ತದೆ. 1962ರ ಜನವರಿ 22ರಂದು ಸಾಂತಾಕ್ರೂಜ್‌ನಲ್ಲಿ 7.4 ಡಿಗ್ರಿ ದಾಖಲಾಗಿತ್ತು. ಅಂಥ ದಿನ ಅಪರೂಪ. ಆದರೆ ಇನ್ನೊಂದು ಸಂಗತಿ ಪ್ರತಿ ಚಳಿಗಾಲದಲ್ಲೂ ಇದ್ದದ್ದೇ. ಮುಂಜಾನೆ 16 ಅಥವಾ 17 ಡಿಗ್ರಿ ಇದ್ದ ಊರು ಮಧ್ಯಾಹ್ನ 31, 32 ಮುಟ್ಟುತ್ತದೆ. ಪೂರ್ವದ ಒಣಗಾಳಿ ಜೋರಾಗಿ ಸಮುದ್ರದ ಗಾಳಿ ತಡವಾದ ದಿನ 35 ಆಗುವುದೂ ಉಂಟು. ಒಂದೇ ಹಗಲಿನಲ್ಲಿ 15 ಡಿಗ್ರಿ ವ್ಯತ್ಯಾಸ! ಮಳೆಗಾಲದಲ್ಲಿ ನಮ್ಮ ಮೈ ಇಂಥ ಏರಿಳಿತವನ್ನು ಕಾಣುವುದೇ ಇಲ್ಲ.

*ಒಂದೇ ಸವಾರಿಯಲ್ಲಿ ನಾಲ್ಕು ಹವೆ*

ಕಾರಿನವರು ಗಾಜು ಏರಿಸಿಕೊಂಡು ಹೋಗುತ್ತಾರೆ. ಬೈಕಿನವರಿಗೆ ಪ್ರತಿ ಮೈಲಿಯ ಹವೆಯೂ ಮೈಗೆ ತಾಗುತ್ತದೆ. ಫೋರ್ಟ್‌ನಿಂದ ಬದಲಾಪುರಕ್ಕೆ ಹೋಗುವವರನ್ನು ನೆನೆಯಿರಿ.

ಮೊದಲು ಹೋಟೆಲಿನ ಒಲೆ. ಅಲ್ಲಿ 40 ಡಿಗ್ರಿ ದಾಟುವುದು ಸಾಮಾನ್ಯ.
ಎರಡನೆಯದು ಫೋರ್ಟ್, ಭಾಯಖಳಾ, ದಾದರಿನ ರಸ್ತೆ. ಎರಡೂ ಕಡೆ ಕಟ್ಟಡಗಳು. ಹಗಲು ಕುಡಿದ ಬಿಸಿಲನ್ನು ಸಿಮೆಂಟು, ಡಾಂಬರು ರಾತ್ರಿಯಿಡೀ ಬಿಡುತ್ತಿರುತ್ತವೆ. ಇಲ್ಲಿ ಚಳಿ ಗೊತ್ತಾಗುವುದಿಲ್ಲ.
ಮೂರನೆಯದು ಸಾಯನ್ ದಾಟಿದ ಮೇಲೆ ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ. ರಸ್ತೆ ಬಿಡುವಾಗಿರುತ್ತದೆ, ವೇಗ ಹೆಚ್ಚುತ್ತದೆ. ಒಂದು ಪಕ್ಕ ಖಾಡಿ, ಉಪ್ಪಿನ ಗದ್ದೆ, ಬಯಲು. ಗಾಳಿ ನೇರ ಎದೆಗೆ.
ನಾಲ್ಕನೆಯದು ಕಲ್ಯಾಣದಾಚೆ ಉಲ್ಹಾಸ್ ನದಿಯ ತಗ್ಗು. ತಣ್ಣನೆ ಗಾಳಿ ಭಾರ, ನೀರಿನಂತೆ ತಗ್ಗಿಗೆ ಹರಿದು ಅಲ್ಲಿ ನಿಲ್ಲುತ್ತದೆ. ಬೆಳಗಿನ ಜಾವ ಒಂದು ತಿರುವು ದಾಟಿದ ಕೂಡಲೇ ಫ್ರಿಜ್ಜಿನ ಬಾಗಿಲು ತೆರೆದಂತೆ ಆಗುವುದು ಇದರಿಂದಲೇ.

ಪಶ್ಚಿಮ ಉಪನಗರದವರಿಗೂ ಇದೇ ಅನುಭವ. ಅಂಧೇರಿಯ ಗಿಜಿಗುಟ್ಟುವ ರಸ್ತೆಯಿಂದ ಆರೇ ಕಾಲೊನಿಯ ಮರಗಳ ಕೆಳಗೆ ನುಗ್ಗಿದಾಗ, ಪವಾಯಿ ಕೆರೆಯ ಪಕ್ಕ ಹೋಗುವಾಗ, ರಾಷ್ಟ್ರೀಯ ಉದ್ಯಾನದ ಬೆನ್ನಿಗಿರುವ ಘೋಡಬಂದರ್ ರಸ್ತೆಯಲ್ಲಿ ಸಾಗುವಾಗ ತಟ್ಟನೆ ಮೈ ಜುಮ್ಮೆನ್ನುತ್ತದೆ. ಬೆಳಿಗ್ಗೆ ನಾಲ್ಕಕ್ಕೆ ವಾಶಿಯ ಮಾರ್ಕೆಟ್ಟಿಗೋ ದಾದರಿನ ತರಕಾರಿ ಮಂಡಿಗೋ ಹೋಗುವ ನಮ್ಮ ಹೋಟೆಲಿನವರಿಗೆ, ಪೇಪರ್ ಹಾಕುವ ಹುಡುಗರಿಗೆ, ರಾತ್ರಿಪಾಳಿ ಮುಗಿಸಿ ಬರುವವರಿಗೆ ಇದು ದಿನದ ಪಾಡು.

*ಗಾಳಿ ಕದಿಯುವ ಬಿಸಿ*

ನಮ್ಮ ಚರ್ಮದ ಮೇಲೆ ಬೆಚ್ಚನೆ ಗಾಳಿಯ ತೆಳು ಪದರವೊಂದು ಸದಾ ಇರುತ್ತದೆ. ಮೈಯೇ ಅದನ್ನು ಕಾಯಿಸಿಟ್ಟುಕೊಂಡಿರುತ್ತದೆ. ಸುಮ್ಮನೆ ನಿಂತರೆ 17 ಡಿಗ್ರಿ ಹಿತವೆನಿಸಲು ಈ ಪದರವೇ ಕಾರಣ. ಬೈಕ್ 50, 60ರ ವೇಗದಲ್ಲಿ ಓಡಿದಾಗ ಅದು ಕಟ್ಟಿಕೊಂಡಷ್ಟೂ ಕಿತ್ತುಹೋಗುತ್ತದೆ. ಮೈ ಮತ್ತೆ ಮತ್ತೆ ಹೊಸ ಗಾಳಿಯನ್ನು ಕಾಯಿಸುತ್ತಲೇ ಇರಬೇಕು.

ಚಳಿದೇಶಗಳಾದ ಕೆನಡಾ, ಅಮೆರಿಕದಲ್ಲಿ ಇದಕ್ಕೆ ಒಂದು ಲೆಕ್ಕವಿದೆ. ಅದರ ಪ್ರಕಾರ 10 ಡಿಗ್ರಿ ಚಳಿಯಲ್ಲಿ ಗಂಟೆಗೆ 60 ಕಿಲೋಮೀಟರ್ ಗಾಳಿ ಬೀಸಿದರೆ ತೆರೆದ ಚರ್ಮಕ್ಕೆ 5 ಡಿಗ್ರಿಯಂತೆ ಅನಿಸುತ್ತದೆ. ಆ ಲೆಕ್ಕ 10 ಡಿಗ್ರಿಗಿಂತ ಮೇಲಿನ ಹವೆಗೆ ಮಾಡಿದ್ದಲ್ಲ, ಆದ್ದರಿಂದ ಮುಂಬಯಿಗೆ ಅದನ್ನು ನೇರವಾಗಿ ಹಚ್ಚುವಂತಿಲ್ಲ. ಆದರೆ ಪುಣೆ, ಲೋಣಾವಳದ ಕಡೆ ಹೋಗುವವರಿಗೆ ಇದು ಪಕ್ಕಾ ಲೆಕ್ಕ. ಅಲ್ಲಿ ಚಳಿಗಾಲದಲ್ಲಿ 10 ಡಿಗ್ರಿ ದೊಡ್ಡ ಸುದ್ದಿಯೇ ಅಲ್ಲ.

*ಬೆವರು ಕದಿಯುವ ಬಿಸಿ*

ಇದು ಗಾಳಿಗಿಂತ ದೊಡ್ಡ ಕಳ್ಳ. ಬೆವರು ಆರಬೇಕಾದರೆ ಅದಕ್ಕೆ ಬಿಸಿ ಬೇಕು. ಒಂದು ಗ್ರಾಂ ಬೆವರು ಆವಿಯಾಗಲು ಅರ್ಧ ಕಿಲೋಕ್ಯಾಲೊರಿಗಿಂತ ಸ್ವಲ್ಪ ಹೆಚ್ಚು ಬಿಸಿ ಖರ್ಚಾಗುತ್ತದೆ. ಬನಿಯನ್ ಮತ್ತು ಅಂಗಿಯಲ್ಲಿ ಒಂದು ಸಣ್ಣ ಲೋಟದಷ್ಟು, ಅಂದರೆ 100 ಮಿಲಿಲೀಟರ್ ಬೆವರು ಇದೆ ಎಂದುಕೊಳ್ಳಿ. ಅದು ಪೂರ್ತಿ ಆರಲು ಸುಮಾರು 58 ಕಿಲೋಕ್ಯಾಲೊರಿ ಬೇಕು. ಅದರಲ್ಲಿ ಬಹುಪಾಲು ಬರುವುದು ಮೈಯಿಂದಲೇ. ಒಲೆಯ ಮುಂದೆ ನಮ್ಮನ್ನು ಕಾಪಾಡಿದ ಅದೇ ಬೆವರು ರಸ್ತೆಯಲ್ಲಿ ನಮ್ಮ ಬಿಸಿಯನ್ನು ಹೀರುತ್ತದೆ.

ಹತ್ತಿ ಬಟ್ಟೆ ಸೆಕೆಗೆ ಒಳ್ಳೆಯದು, ಏಕೆಂದರೆ ಅದು ಬೆವರನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಚಳಿಯಲ್ಲಿ ಆ ಗುಣವೇ ದೋಷ. ಒದ್ದೆ ಹತ್ತಿಗೆ ಬೆಚ್ಚಗಿಡುವ ಶಕ್ತಿ ಉಳಿಯುವುದಿಲ್ಲ. ಆದ್ದರಿಂದ ಒದ್ದೆ ಬನಿಯನ್ ಮೇಲೆ ಎಷ್ಟೇ ದಪ್ಪ ಸ್ವೆಟರ್ ಹಾಕಿದರೂ ಅರ್ಧ ಕೆಲಸವೇ.

ಜಿಮ್ಮಿನಿಂದ ಬರುವವರು, ಕಬಡ್ಡಿ ಆಡಿ ಬರುವ ಹುಡುಗರು, ಯಕ್ಷಗಾನದ ವೇಷ ಕಳಚಿ ರಾತ್ರಿ ಬೈಕ್ ಹತ್ತುವ ಕಲಾವಿದರು, ಬೆಳಿಗ್ಗೆ ತಲೆಗೆ ಸ್ನಾನ ಮಾಡಿ ಒದ್ದೆ ಕೂದಲಿನಲ್ಲೇ ಹೆಲ್ಮೆಟ್ ಹಾಕುವವರು, ಎಲ್ಲರಿಗೂ ಈ ಮಾತು ಸಲ್ಲುತ್ತದೆ.

*ಮೊದಲು ಸೋಲುವುದು ಬೆರಳು*

ಚಳಿ ತಾಗಿದಾಗ ಮೈ ಒಂದು ಲೆಕ್ಕಾಚಾರ ಮಾಡುತ್ತದೆ. ಹೃದಯ, ಶ್ವಾಸಕೋಶ, ಮೆದುಳು ಬೆಚ್ಚಗಿರಬೇಕು, ಕೈಕಾಲು ಸ್ವಲ್ಪ ತಣ್ಣಗಾದರೂ ನಡೆಯುತ್ತದೆ. ಹಾಗಾಗಿ ಕೈಕಾಲಿನ ಸಣ್ಣ ರಕ್ತನಾಳಗಳು ಬಿಗಿದುಕೊಳ್ಳುತ್ತವೆ, ರಕ್ತ ಒಳಗೆ ಸರಿಯುತ್ತದೆ. ಜೀವ ಉಳಿಸುವ ಉಪಾಯ ಇದು. ಆದರೆ ಬೈಕಿನವರ ಜೀವ ಇರುವುದೇ ಬೆರಳಿನ ತುದಿಯಲ್ಲಿ. ಕ್ಲಚ್, ಬ್ರೇಕ್, ಇಂಡಿಕೇಟರ್, ಹಾರ್ನ್ ಎಲ್ಲವೂ ಬೆರಳಿನ ಕೆಲಸ.

ಬೆರಳಿನ ಚರ್ಮದ ಬಿಸಿ 20 ಡಿಗ್ರಿಗಿಂತ ಕೆಳಗಿಳಿದಾಗ ಕೈಚಳಕ ನಿಧಾನವಾಗಿ ಕುಂದತೊಡಗುತ್ತದೆ. 15ಕ್ಕಿಂತ ಕೆಳಗಿಳಿದರೆ ಬೇಗ ಕುಂದುತ್ತದೆ. ಎಷ್ಟು ಬಲವಾಗಿ ಹಿಡಿದಿದ್ದೇವೆ ಎಂಬ ಅಂದಾಜೇ ತಪ್ಪುತ್ತದೆ. ಇಲ್ಲೊಂದು ಮೋಸವಿದೆ. ಮೊದಲು ಬೆರಳು ನೋಯುತ್ತದೆ, ಆಮೇಲೆ ನೋವು ಹೋಗುತ್ತದೆ. ನೋವು ಹೋಯಿತೆಂದರೆ ಸರಿಹೋಯಿತು ಎಂದುಕೊಳ್ಳುತ್ತೇವೆ. ಅಲ್ಲ, ಆಗ ಬೆರಳು ಮರಗಟ್ಟಿದೆ.

ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬೈಕ್ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಮರಗಟ್ಟಿದ ಕೈ ಬ್ರೇಕ್ ಹಿಡಿಯಲು ಬರೀ ಅರ್ಧ ಸೆಕೆಂಡ್ ತಡಮಾಡಿದರೂ 8 ಮೀಟರ್ ಮುಂದೆ ಹೋಗಿಬಿಟ್ಟಿರುತ್ತೇವೆ. ಅಂದರೆ ಎರಡು ಕಾರಿನ ಉದ್ದ. ಭಾವನವರು ಬಿದ್ದದ್ದು ಆ ಎರಡು ಕಾರಿನ ಉದ್ದದಲ್ಲಿ.

ಸಕ್ಕರೆ ಕಾಯಿಲೆ ಇದ್ದು ಬೆರಳಿನ ಸ್ಪರ್ಶ ಮೊದಲೇ ಕಡಿಮೆಯಾದವರು, ಬೀಡಿ ಸಿಗರೇಟು ಸೇದುವವರು, ಬಿಪಿಗೋ ಹೃದಯಕ್ಕೋ ಬೀಟಾ ಬ್ಲಾಕರ್ ಗುಂಪಿನ ಮಾತ್ರೆ ತೆಗೆದುಕೊಳ್ಳುವವರು, ಇವರ ಕೈಕಾಲು ಬೇಗ ತಣ್ಣಗಾಗುತ್ತದೆ. ಮಾತ್ರೆ ನಿಲ್ಲಿಸಬೇಡಿ, ಕೈಗವಸು ಹಾಕಿ. ಕೆಲವರ ಬೆರಳು ಚಳಿಗೆ ಸುಣ್ಣದಂತೆ ಬಿಳಿಯಾಗಿ, ಆಮೇಲೆ ನೀಲಿಯಾಗಿ, ಕೊನೆಗೆ ಕೆಂಪಾಗುತ್ತದೆ. ಪ್ರತಿ ಸಲ ಹೀಗಾದರೆ ವೈದ್ಯರಿಗೆ ತೋರಿಸಿ.

*ಹೃದಯ, ಬಿಪಿ, ಉಸಿರು*

ರಕ್ತನಾಳ ಬಿಗಿದುಕೊಂಡರೆ ಬಿಪಿ ಏರುತ್ತದೆ. ಹೃದಯ ಹೆಚ್ಚು ಒತ್ತಡದಲ್ಲಿ ದುಡಿಯಬೇಕಾಗುತ್ತದೆ. ಚಳಿಗಾಲದಲ್ಲಿ, ಅದರಲ್ಲೂ ಬೆಳಗಿನ ಹೊತ್ತು ಹೃದಯಾಘಾತ ಹೆಚ್ಚೆಂಬುದು ಜಗತ್ತಿನ ಹಲವು ಕಡೆ ಕಂಡುಬಂದ ಸಂಗತಿ. ಐವತ್ತು ದಾಟಿದವರು, ಬಿಪಿ, ಸಕ್ಕರೆ, ಹೃದಯದ ತೊಂದರೆ ಇರುವವರು ಹಾಸಿಗೆಯಿಂದ ಎದ್ದು ನೇರ ಬೈಕ್ ಹತ್ತಿ ತಣ್ಣನೆ ಗಾಳಿಗೆ ನುಗ್ಗಬಾರದು. ಎದ್ದು ಸ್ವಲ್ಪ ಓಡಾಡಿ, ಬಿಸಿ ಏನಾದರೂ ಕುಡಿದು, ಎದೆ ಮುಚ್ಚಿಕೊಂಡು ಹೊರಡಿ.

ಆಸ್ತಮಾ ಇರುವವರಿಗೆ ತಣ್ಣನೆ ಒಣಗಾಳಿ ಶ್ವಾಸನಾಳವನ್ನು ಕುಗ್ಗಿಸುತ್ತದೆ. ಮುಂಬಯಿಯಲ್ಲಿ ಇದರ ಜೊತೆ ಹೊಗೆಯೂ ಸೇರುತ್ತದೆ. ಚಳಿಗಾಲದ ಮುಂಜಾನೆ ನೆಲದ ಹತ್ತಿರದ ಗಾಳಿ ತಣ್ಣಗಿದ್ದು ಮೇಲಿನದು ಬೆಚ್ಚಗಿರುತ್ತದೆ. ಪಾತ್ರೆಯ ಮೇಲೆ ಮುಚ್ಚಳ ಇಟ್ಟಂತೆ ವಾಹನಗಳ ಹೊಗೆ, ಕಟ್ಟಡಗಳ ಧೂಳು ಕೆಳಗೇ ಉಳಿಯುತ್ತದೆ. ಕರವಸ್ತ್ರ ಕಟ್ಟಿಕೊಂಡರೆ ಗಾಳಿ ಸ್ವಲ್ಪ ಬೆಚ್ಚಗಾಗುತ್ತದೆ, ಆದರೆ ಸಣ್ಣ ಕಣಗಳನ್ನು ಅದು ತಡೆಯದು. ಅದಕ್ಕೆ ಎನ್-95 ಮಾಸ್ಕ್ ಬೇಕು. ಇನ್ಹೇಲರ್ ಯಾವಾಗಲೂ ಮೇಲಿನ ಜೇಬಿನಲ್ಲಿರಲಿ. ಹೊರಡುವ ಮೊದಲೇ ತೆಗೆದುಕೊಳ್ಳಬೇಕೇ ಎಂದು ನಿಮ್ಮ ವೈದ್ಯರನ್ನು ಕೇಳಿಟ್ಟುಕೊಳ್ಳಿ.

*ನಂಬಿಕೆ ಮತ್ತು ನಿಜ*

*"ಗಾಳಿ ತಾಗಿ ಶೀತವಾಯಿತು."* ಶೀತ ಬರುವುದು ವೈರಸ್‌ನಿಂದ. ಆದರೆ ತಣ್ಣನೆ ಗಾಳಿ ಮೂಗಿನ ಒಳಪೊರೆಯನ್ನು ಒಣಗಿಸುತ್ತದೆ, ಅಲ್ಲಿಯ ಕಾವಲು ಸಡಿಲವಾಗುತ್ತದೆ. ಹಿರಿಯರ ಮಾತು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ.

*"ಒಂದು ಪೆಗ್ ಹಾಕಿದರೆ ಮೈ ಬಿಸಿಯಾಗುತ್ತದೆ."* ಅಪಾಯದ ಮಾತು. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಮೈ ಬೆಚ್ಚಗಾದಂತೆ ಅನಿಸಿದರೂ ಒಳಗಿನ ಬಿಸಿ ಹೊರಗೆ ಸೋರಿಹೋಗುತ್ತಿರುತ್ತದೆ. ಕುಡಿದು ಗಾಡಿ ಓಡಿಸುವುದರ ಬಗ್ಗೆ ಬೇರೆ ಹೇಳಬೇಕಾಗಿಲ್ಲ.

*"ಶೀತಕ್ಕೆ ಮಾತ್ರೆ ನುಂಗಿ ಹೊರಟರಾಯಿತು."* ಮೆಡಿಕಲ್ ಅಂಗಡಿಯ ಅನೇಕ ಶೀತದ ಮಾತ್ರೆಗಳಲ್ಲಿ ನಿದ್ದೆ ತರಿಸುವ ಔಷಧ ಇರುತ್ತದೆ. ಕ್ಲೋರ್‌ಫೆನಿರಮಿನ್ ಎಂಬ ಹೆಸರು ಪಟ್ಟಿಯ ಮೇಲಿದ್ದರೆ ಅದನ್ನು ನುಂಗಿ ಬೈಕ್ ಹತ್ತಬೇಡಿ. ಕಟ್ಟಿದ ಮೂಗು ಬಿಡಿಸುವ ಫಿನೈಲೆಫ್ರಿನ್ ಬಿಪಿಯನ್ನು ಏರಿಸಬಲ್ಲದು. ಬಿಪಿ ಇರುವವರು ಕೇಳಿಯೇ ತೆಗೆದುಕೊಳ್ಳಿ.

*"ಕಿವಿಗೆ ಹತ್ತಿ, ತಲೆಗೆ ಮಂಕಿ ಟೋಪಿ."* ಹತ್ತಿ ತುರುಕಿದರೆ ಹಿಂದಿನ ಹಾರ್ನ್ ಕೇಳಿಸುವುದಿಲ್ಲ. ದಪ್ಪ ಉಣ್ಣೆಯ ಟೋಪಿಯ ಮೇಲೆ ಹೆಲ್ಮೆಟ್ ಸರಿಯಾಗಿ ಕೂರುವುದಿಲ್ಲ, ಬಿದ್ದಾಗ ಅದು ಜಾರಿಹೋಗಬಹುದು. ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್ ಇದ್ದರೆ ಕಿವಿ, ಗಲ್ಲ ಎರಡೂ ಬೆಚ್ಚಗೆ. ಬೇಕಾದರೆ ಒಳಗೆ ತೆಳು ಬಟ್ಟೆಯ ಕವಚ ಸಾಕು.

*"ಎದೆಗೆ ನ್ಯೂಸ್‌ಪೇಪರ್ ಇಟ್ಟುಕೊಳ್ಳುವುದು."* ಇದು ನಿಜವಾಗಿ ಕೆಲಸ ಮಾಡುತ್ತದೆ! ಹಳೆಯ ಕಾಲದ ಸವಾರರು ಅಂಗಿಯೊಳಗೆ ಮಡಚಿದ ಪೇಪರ್ ಇಡುತ್ತಿದ್ದರು. ಕಾಗದ ಗಾಳಿಯನ್ನು ತಡೆಯುತ್ತದೆ, ಮಡಿಕೆಗಳ ನಡುವೆ ಬೆಚ್ಚನೆ ಗಾಳಿ ಉಳಿಯುತ್ತದೆ. ಮಾರ್ಕೆಟ್ಟಿಗೆ ಹೊರಟ ಬೆಳಿಗ್ಗೆ ಬೇರೇನೂ ಇಲ್ಲದಿದ್ದರೆ ನಿನ್ನೆಯ ಪೇಪರ್ ಕೈಹಿಡಿಯುತ್ತದೆ.

*ಹೊರಡುವ ಮೊದಲು: ಐದು ನಿಮಿಷದ ಕೆಲಸ*

1. *ಒದ್ದೆ ಬನಿಯನ್ ಬದಲಿಸಿ.* ಈ ಲೇಖನದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ. ಹೋಟೆಲಿನ ಕಪಾಟಿನಲ್ಲೋ ಬೈಕಿನ ಡಿಕ್ಕಿಯಲ್ಲೋ ಒಂದು ಒಣ ಬನಿಯನ್, ಒಂದು ಸಣ್ಣ ಟವೆಲ್ ಸದಾ ಇರಲಿ. ಕತ್ತು, ಎದೆ, ಬೆನ್ನು, ಕಂಕುಳು ಒರೆಸಿ ಒಣದು ಹಾಕಿ.

2. *ಬಿಸಿಯಿಂದ ನೇರ ಗಾಳಿಗೆ ಹೋಗಬೇಡಿ.* ಒಲೆಯಿಂದ ಬಂದು ಐದು ಹತ್ತು ನಿಮಿಷ ಕೂತುಕೊಳ್ಳಿ. ಬೆವರು ನಿಂತ ಮೇಲೆ ಹೊರಡಿ.

3. *ರೈನ್‌ಕೋಟನ್ನು ಅಟ್ಟಕ್ಕೆ ಹಾಕಬೇಡಿ.* ಮುಂಬಯಿಯ ಪ್ರತಿ ಮನೆಯಲ್ಲೂ ಅದು ಇದೆ. ಮಳೆ ತಡೆಯುವುದು ಗಾಳಿಯನ್ನೂ ತಡೆಯುತ್ತದೆ. ಒಣ ಬನಿಯನ್, ಅಂಗಿ, ತೆಳು ಸ್ವೆಟರ್, ಮೇಲೆ ರೈನ್‌ಕೋಟಿನ ಜಾಕೆಟ್. ಸಾವಿರಾರು ರೂಪಾಯಿಯ ರೈಡಿಂಗ್ ಜಾಕೆಟ್ ಇಲ್ಲದಿದ್ದರೂ ನಮ್ಮ ಚಳಿಗೆ ಇಷ್ಟು ಧಾರಾಳ.

4. *ಕೈಗವಸು.* ತೀರಾ ದಪ್ಪ ಬೇಡ, ಬ್ರೇಕಿನ ಅಂದಾಜು ತಪ್ಪುತ್ತದೆ. ಗಾಳಿ ತಡೆಯುವ, ಬೆರಳು ಮಡಚಲು ಬರುವಂಥದ್ದು ಇರಲಿ. ಚಪ್ಪಲಿ ಬಿಟ್ಟು ಶೂ, ಸಾಕ್ಸ್ ಹಾಕಿ. ಗೇರು, ಹಿಂದಿನ ಬ್ರೇಕು ಕಾಲಿನ ಕೆಲಸ.

5. *ಟೈರಿನ ಗಾಳಿ.* ಹವೆ 5ರಿಂದ 6 ಡಿಗ್ರಿ ಇಳಿದರೆ ಟೈರಿನ ಒತ್ತಡ ಸುಮಾರು 1 ಪಿಎಸ್‌ಐ ಇಳಿಯುತ್ತದೆ. ಮಧ್ಯಾಹ್ನದ ಬಿಸಿಲಲ್ಲಿ ತುಂಬಿಸಿದ್ದು ಮುಂಜಾನೆ ಕಡಿಮೆ ಇರುತ್ತದೆ. ಬೈಕ್ ಓಡುವ ಮೊದಲು, ಟೈರ್ ತಣ್ಣಗಿರುವಾಗ ನೋಡಿಸಿ. ತಣ್ಣನೆ ಟೈರಿಗೆ ಹಿಡಿತವೂ ಕಡಿಮೆ. ಮೊದಲ ಕೆಲವು ಕಿಲೋಮೀಟರ್ ನಿಧಾನ ಹೋಗಿ. ಇಬ್ಬನಿ ಬಿದ್ದ ರಸ್ತೆಯ ಬಿಳಿ ಪಟ್ಟಿ, ಕಬ್ಬಿಣದ ಮುಚ್ಚಳ, ಎಣ್ಣೆ ಚೆಲ್ಲಿದ ಜಾಗದಲ್ಲಿ ಬ್ರೇಕ್ ಒತ್ತಬೇಡಿ.

*ದಾರಿಯಲ್ಲಿ*

ಇಪ್ಪತ್ತು ಮೂವತ್ತು ನಿಮಿಷಕ್ಕೊಮ್ಮೆ ಕೈಗೆ ಪರೀಕ್ಷೆ ಕೊಡಿ. ಸಿಗ್ನಲಿನಲ್ಲಿ ನಿಂತಾಗ ಹೆಬ್ಬೆರಳಿನಿಂದ ಅದೇ ಕೈಯ ಕಿರುಬೆರಳನ್ನು ಮುಟ್ಟಿ. ಸಲೀಸಾಗಿ ಮುಟ್ಟಲು ಬಾರದಿದ್ದರೆ ಬೈಕ್ ಪಕ್ಕಕ್ಕೆ ಹಾಕಿ. ಕೈಗಳನ್ನು ಕಂಕುಳಲ್ಲಿ ಇಟ್ಟುಕೊಳ್ಳಿ, ಒಂದು ಕಟಿಂಗ್ ಚಹಾ ಕುಡಿಯಿರಿ, ನಾಲ್ಕು ಹೆಜ್ಜೆ ನಡೆಯಿರಿ. ಇಂಜಿನ್, ಸೈಲೆನ್ಸರ್ ಮುಟ್ಟಿ ಕೈ ಕಾಯಿಸಬೇಡಿ, ಮರಗಟ್ಟಿದ ಕೈಗೆ ಸುಟ್ಟದ್ದು ತಿಳಿಯುವುದಿಲ್ಲ.

ಹೆಲ್ಮೆಟ್ಟಿನ ಗಾಜು ಮಬ್ಬಾದರೆ ಅದು ನಿಮ್ಮ ಉಸಿರಿನ ತೇವ. ತಣ್ಣನೆ ಗಾಜಿಗೆ ತಾಗಿ ಹನಿಯಾಗುತ್ತದೆ. ಗಾಜನ್ನು ಒಂದು ಬೆರಳಷ್ಟು ಎತ್ತಿ, ಮಾಸ್ಕಿನ ಮೂಗಿನ ಪಟ್ಟಿಯನ್ನು ಒತ್ತಿ ಕೂರಿಸಿ. ಮಬ್ಬಿನಲ್ಲೇ ಓಡಿಸಬೇಡಿ. ಬೈಕಿಗೆ ಪ್ರವೇಶವಿಲ್ಲದ ಸೀ ಲಿಂಕ್, ಅಟಲ್ ಸೇತುವಿನ ಮೇಲೆ ಅಡ್ಡದಾರಿಯಿಂದ ನುಗ್ಗುವ ಸಾಹಸ ಬೇಡ. ಸಮುದ್ರದ ಮೇಲಿನ ಅಡ್ಡಗಾಳಿ ಹಗುರ ಗಾಡಿಯನ್ನು ಪಕ್ಕಕ್ಕೆ ತಳ್ಳುತ್ತದೆ.

*ಮಧ್ಯಾಹ್ನದ ತಿರುವು:* ಬೆಳಿಗ್ಗೆ ಕಾಪಾಡಿದ ಜಾಕೆಟ್ ಹನ್ನೊಂದು ಗಂಟೆಗೆ ಕುಕ್ಕರ್ ಆಗುತ್ತದೆ. ಒಳಗೆ ಬೆವರಿ ಮತ್ತೆ ಸಂಜೆಯ ಗಾಳಿಗೆ ಒದ್ದೆಯಾಗಿಯೇ ಸಿಗುತ್ತೀರಿ. ಬಿಸಿಲೇರಿದಂತೆ ಒಂದೊಂದೇ ಪದರ ತೆಗೆಯಿರಿ. ಎಸಿ ಮಾಲ್, ಬಿಸಿಲ ರಸ್ತೆ ಎಂದು ದಿನವಿಡೀ ಒಳಗೆ ಹೊರಗೆ ಓಡಾಡುವ ಡೆಲಿವರಿ ಹುಡುಗರಿಗೆ ಇದು ಮುಖ್ಯ. ಚಳಿಯಲ್ಲಿ ಬಾಯಾರಿಕೆ ಕಡಿಮೆ, ಮೂತ್ರ ಹೆಚ್ಚು. ಆದ್ದರಿಂದ ಬಾಯಾರದಿದ್ದರೂ ನೀರು ಕುಡಿಯಿರಿ.

*ಹಿಂದೆ ಕೂರುವವರು, ಮಕ್ಕಳು*

ಶಾಲು, ದುಪಟ್ಟಾ, ಸೀರೆಯ ಸೆರಗು ಚಳಿಗೆ ಹೊದ್ದುಕೊಂಡದ್ದು ಗಾಳಿಗೆ ಹಾರಿ ಚಕ್ರಕ್ಕೆ ಸಿಕ್ಕರೆ ಕುತ್ತಿಗೆಗೇ ಕುತ್ತು. ಬಿಗಿಯಾಗಿ ಸಿಕ್ಕಿಸಿ, ಮೇಲೆ ಜಾಕೆಟ್ ಹಾಕಿ.

ಮಗುವನ್ನು ಟ್ಯಾಂಕಿನ ಮೇಲೆ ಕೂರಿಸಿ ಬೆಳಗಿನ ಶಾಲೆಗೆ ಬಿಡುವವರು ಬಹಳ. ಮುಂದೆ ಕೂತ ಮಗು ನಮಗೆ ಗಾಳಿ ತಡೆಯುವ ಗೋಡೆಯಾಗುತ್ತದೆ ಎಂಬುದನ್ನು ಯೋಚಿಸಿದ್ದೀರಾ? ಸಣ್ಣ ಮೈ ದೊಡ್ಡವರಿಗಿಂತ ಬೇಗ ತಣಿಯುತ್ತದೆ. 2023ರ ಫೆಬ್ರವರಿ 15ರಿಂದ ಜಾರಿಯಲ್ಲಿರುವ ನಿಯಮದಂತೆ 9 ತಿಂಗಳಿನಿಂದ 4 ವರ್ಷದವರೆಗಿನ ಮಕ್ಕಳಿಗೆ ಹೆಲ್ಮೆಟ್ ಮತ್ತು ಸವಾರರಿಗೆ ಕಟ್ಟುವ ಸುರಕ್ಷಾ ಪಟ್ಟಿ ಬೇಕು, ವೇಗ 40 ಕಿಲೋಮೀಟರ್ ಮೀರಬಾರದು.

*ಊರಿಗೆ, ಘಾಟಿಗೆ ಹೊರಟವರಿಗೆ*

ಖೋಪೋಲಿಯಿಂದ ಲೋಣಾವಳಕ್ಕೆ ಹಳೆ ಹೆದ್ದಾರಿಯಲ್ಲಿ ಏರುವಾಗ ಅರ್ಧ ಗಂಟೆಯೊಳಗೆ ಸುಮಾರು 550 ಮೀಟರ್ ಎತ್ತರಕ್ಕೆ ಹೋಗುತ್ತೇವೆ. ಹಗಲಿನಲ್ಲಿ ಎತ್ತರ ಏರಿದಂತೆ ಸಾವಿರ ಮೀಟರಿಗೆ ಆರೇಳು ಡಿಗ್ರಿ ಲೆಕ್ಕದಲ್ಲಿ ಹವೆ ತಣಿಯುತ್ತದೆ. ಇಲ್ಲಿ ಮೂರು ನಾಲ್ಕು ಡಿಗ್ರಿ. ಆದ್ದರಿಂದ *ಜಾಕೆಟ್ ಹಾಕಿಕೊಳ್ಳಬೇಕಾದದ್ದು ಘಾಟಿಯ ಬುಡದಲ್ಲಿ, ತುದಿಯಲ್ಲಿ ನಡುಗಿದ ಮೇಲಲ್ಲ.* ಸೊಲ್ಲಾಪುರದ ಮೇಲೆ ವಿಜಯಪುರ, ಕಲಬುರಗಿ ಕಡೆ, ಪುಣೆ ಕೊಲ್ಹಾಪುರದ ಮೇಲೆ ಬೆಳಗಾವಿ ಕಡೆ ಹೋಗುವವರಿಗೆ ಬಯಲುಸೀಮೆಯ ಜನವರಿ ರಾತ್ರಿ ಮುಂಬಯಿಗಿಂತ ಬಹಳ ಕಟು. ರಾತ್ರಿ ಓಡಿಸಬೇಡಿ. ಬಿಸಿಲೇರಿದ ಮೇಲೆ ಹೊರಟು ಕತ್ತಲಾಗುವ ಮೊದಲು ನಿಲ್ಲಿ.

*ಮನೆ ತಲುಪಿದ ಮೇಲೆ*

ಮರಗಟ್ಟಿದ ಕೈಯನ್ನು ಕುದಿಯುವ ನೀರಿಗೆ ಹಾಕಬೇಡಿ, ಗ್ಯಾಸ್ ಉರಿಯ ಮೇಲೆ ಹಿಡಿಯಬೇಡಿ. ಉಗುರುಬೆಚ್ಚಗಿನ ನೀರು ಸಾಕು. ನೀರು ಎಷ್ಟು ಬಿಸಿ ಎಂದು ಮನೆಯ ಬೇರೆಯವರು ಮುಟ್ಟಿ ನೋಡಲಿ, ಸಕ್ಕರೆ ಕಾಯಿಲೆಯವರಿಗೆ ಇದು ಕಡ್ಡಾಯ. ಬಟ್ಟೆ ಬದಲಿಸಿ, ಬಿಸಿ ಗಂಜಿಯೋ ಶುಂಠಿ ಕಾಳುಮೆಣಸಿನ ಕಷಾಯವೋ ಕುಡಿಯಿರಿ. ಕಷಾಯ ರೋಗ ಓಡಿಸುತ್ತದೆಂದಲ್ಲ, ಗಂಟಲಿಗೂ ಮನಸ್ಸಿಗೂ ಹಿತ.

*ಇವು ಕಂಡರೆ "ಗಾಳಿ ಹಿಡಿದಿದೆ" ಎನ್ನಬೇಡಿ*

ಎದೆ ಬಿಗಿತ ಅಥವಾ ಭಾರ, ಎಡಗೈ, ದವಡೆ, ಬೆನ್ನಿಗೆ ಹರಡುವ ನೋವು, ತಣ್ಣನೆ ಬೆವರು, ಉಸಿರಾಟಕ್ಕೆ ಕಷ್ಟ: ಬಾಮ್ ತಿಕ್ಕಿ, ಜೀರಿಗೆ ನೀರು ಕುಡಿದು ಬೆಳಗಾಗುವುದನ್ನು ಕಾಯಬೇಡಿ. 108ಕ್ಕೆ ಕರೆ ಮಾಡಿ. ನೀವೇ ಬೈಕ್ ಓಡಿಸಿಕೊಂಡು ಆಸ್ಪತ್ರೆಗೆ ಹೋಗಬೇಡಿ.

ಬಾಯಿ ಒಂದು ಕಡೆ ಸೊಟ್ಟಗಾದರೆ, ಒಂದು ಕೈ ಎತ್ತಲು ಬಾರದಿದ್ದರೆ, ಮಾತು ತೊದಲಿದರೆ ಪಾರ್ಶ್ವವಾಯು ಇರಬಹುದು. ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಇರುವ ಕಾಲ ನಾಲ್ಕೂವರೆ ಗಂಟೆ ಮಾತ್ರ. ಮುಖ ಮಾತ್ರ ಸೊಟ್ಟಗಾಗುವ ಬೇರೊಂದು ನರದ ತೊಂದರೆಯೂ ಇದೆ. ಅದಕ್ಕೂ ಮೂರು ದಿನದೊಳಗೆ ಮದ್ದು ಶುರುವಾದರೆ ಒಳ್ಳೆಯದು. ಯಾವುದು ಎಂದು ನಿರ್ಧರಿಸುವುದು ವೈದ್ಯರ ಕೆಲಸ, ತಡಮಾಡದೆ ಹೋಗುವುದು ನಮ್ಮ ಕೆಲಸ.

*ಕೊನೆಯ ಮಾತು*

ಎಲುಬು ಕೂಡಿದ ಮೇಲೆ ಭಾವನವರು ಮತ್ತೆ ಕೆಲಸಕ್ಕೆ ಹೋದರು. ಬಿಡಲಿಕ್ಕಾಗುವುದೇ? ಊರಿನಲ್ಲಿ ಮನೆಯ ಸಾಲ, ಇಲ್ಲಿ ಮಕ್ಕಳ ಓದು. ಈಗ ಅಕ್ಕ ಬೆಳಿಗ್ಗೆ ಬುತ್ತಿಯ ಜೊತೆ ಒಂದು ಪ್ಲಾಸ್ಟಿಕ್ ಚೀಲ ಕೊಡುತ್ತಾಳೆ. ಅದರಲ್ಲಿ ಮಡಚಿದ ಒಣ ಬನಿಯನ್, ಒಂದು ಟವೆಲ್, ಕೈಗವಸು. ರಾತ್ರಿ ಬಂದ ಕೂಡಲೇ ಅವಳು ಮೊದಲು ಮುಟ್ಟಿ ನೋಡುವುದು ಆ ಚೀಲವನ್ನು. ಒಳಗಿನ ಬನಿಯನ್ ಒದ್ದೆಯಾಗಿದ್ದರೆ ಬದಲಿಸಿದ್ದಾರೆ ಎಂದರ್ಥ. ಒಣಗಿದ್ದರೆ ಆ ರಾತ್ರಿ ಭಾವನವರಿಗೆ ಊಟಕ್ಕಿಂತ ಮೊದಲು ಬೈಗುಳ ಬಡಿಸುತ್ತಾಳೆ.

ನಿಮ್ಮ ಮನೆಯಿಂದಲೂ ಯಾರಾದರೂ ರಾತ್ರಿಯೋ ಬೆಳಗಿನ ಜಾವವೋ ಬೈಕ್ ಹತ್ತುತ್ತಿದ್ದರೆ ಇಂದೇ ಅಂಥ ಒಂದು ಚೀಲ ಕಟ್ಟಿಕೊಡಿ.

_ಈ ಬರಹ ತಿಳಿವಳಿಕೆಗಾಗಿ. ಕಾಯಿಲೆ, ಔಷಧದ ವಿಷಯದಲ್ಲಿ ನಿಮ್ಮ ವೈದ್ಯರ ಮಾತೇ ಅಂತಿಮ. ಹೋಟೆಲ್, ಮಾರ್ಕೆಟ್, ರಾತ್ರಿಪಾಳಿಯಲ್ಲಿ ದುಡಿಯುವ ನಮ್ಮವರ ಗುಂಪುಗಳಿಗೆ ದಯವಿಟ್ಟು ತಲುಪಿಸಿ._